ಆಂಬುಲೆನ್ಸ್ ಸಿಬ್ಬಂದಿ ಮತ್ತು ಸಮಯದ ವಿನಿಯೋಗ

ಕಲ್ಕತ್ತೆಯಂಥ ಮಹಾನಗರದಲ್ಲಿ ಆಂಬುಲೆನ್ಸಿನ ಕೂಗು ಕೇಳದ ದಿನವಿಲ್ಲ. ಕೂಗು ಕೇಳಿದಾಗ ದಾರಿಹೋಕರು ಒಂದು ಕ್ಷಣ ತಿರುಗಿ ನೋಡುತ್ತಾರೆ. ವಾಹನ ಮುಂದೆ ಸಾಗಿದೊಡನೆ ತಂತಮ್ಮ ಕೆಲಸಕ್ಕೆ ಹೊರಳುತ್ತಾರೆ. ವಾಹನ ಎಷ್ಟು ವೇಗವಾಗಿ ಓಡಿದರೆ ರೋಗಿಯ ಪ್ರಾಣ ಅಷ್ಟು ಭದ್ರ ಎಂಬುದು ಸಾಮಾನ್ಯರ ನಂಬಿಕೆ. ಈ ನಂಬಿಕೆಯಲ್ಲಿ ಅರ್ಧ ಮಾತ್ರ ಸತ್ಯವಿದೆ. ತುರ್ತು ಚಿಕಿತ್ಸೆಯಲ್ಲಿ ಕಳೆದುಹೋಗುವ ಕಾಲದ ಬಹುಭಾಗ ಚಕ್ರಗಳು ಉರುಳುತ್ತಿರುವಾಗ ಕಳೆಯುವುದಲ್ಲ. ಚಕ್ರಗಳು ನಿಂತಿರುವಾಗ ಕಳೆಯುವುದು. ಮನೆಯವರು ಯೋಚಿಸುತ್ತಾ ಕೂರುವಾಗ, ವಿಳಾಸ ಹುಡುಕುವಾಗ, ಮೆಟ್ಟಿಲಿನ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಾಗ, ಆಸ್ಪತ್ರೆಯ ಬಾಗಿಲಲ್ಲಿ ಹಾಸಿಗೆಗಾಗಿ ಕಾಯುವಾಗ ಅದು ಸೋರಿಹೋಗುತ್ತದೆ. ಈ ಸೋರಿಕೆಯನ್ನು ತಡೆಯುವುದೇ ಆಂಬುಲೆನ್ಸ್ ಸಿಬ್ಬಂದಿಯ ವಿದ್ಯೆ. ಕಚೇರಿಯಲ್ಲಿ ಕೆಲಸ ಮಾಡುವವನು ಇಂದಿನ ಕಡತವನ್ನು ನಾಳೆಗೆ ಮುಂದೂಡಬಹುದು. ಆಂಬುಲೆನ್ಸಿನವನಿಗೆ ಆ ಸೌಕರ್ಯವಿಲ್ಲ. ತನ್ನ ಮುಂದಿನ ಕೆಲಸ ಯಾವಾಗ ಬರುವುದೆಂದಾಗಲಿ, ಎಲ್ಲಿಂದ ಬರುವುದೆಂದಾಗಲಿ, ಎಷ್ಟು ಹೊತ್ತು ಹಿಡಿಯುವುದೆಂದಾಗಲಿ ಅವನಿಗೆ ತಿಳಿಯದು. ಇಂಥ ಕೆಲಸದಲ್ಲಿ ಸಮಯವನ್ನು ಹೇಗೆ ಹಂಚಿಕೊಳ್ಳುತ್ತಾರೆ ಎಂಬುದು ತಿಳಿದುಕೊಳ್ಳತಕ್ಕ ವಿಷಯ. ಏಕೆಂದರೆ ಆ ಹಂಚಿಕೆಯ ಒಂದು ಪಾಲು ರೋಗಿಯ ಮನೆಯವರ ಕೈಯಲ್ಲೂ ಇದೆ.

ಒಂದು ಕರೆಯ ಒಳಗೆ

ಹೊರಗಿನವರಿಗೆ ಒಂದೇ ಓಟವಾಗಿ ಕಾಣುವುದನ್ನು ಈ ವೃತ್ತಿಯವರು ಹಲವು ತುಂಡುಗಳಾಗಿ ನೋಡುತ್ತಾರೆ. ಕರೆ ಬಂದು ವಿಳಾಸ ದಾಖಲಾಗುವವರೆಗೆ ಒಂದು ತುಂಡು. ಯಾವ ವಾಹನವನ್ನು ಕಳುಹಿಸಬೇಕೆಂದು ನಿರ್ಧರಿಸುವವರೆಗೆ ಇನ್ನೊಂದು. ಸಿಬ್ಬಂದಿ ಎದ್ದು ವಾಹನ ಹತ್ತಿ ಹೊರಡುವವರೆಗೆ ಮತ್ತೊಂದು. ಅನಂತರ ದಾರಿ. ಆಮೇಲೆ ವಾಹನ ನಿಂತ ಜಾಗದಿಂದ ರೋಗಿಯ ಹಾಸಿಗೆಯವರೆಗಿನ ನಡಿಗೆ, ಸ್ಥಳದಲ್ಲಿ ಮಾಡುವ ಉಪಚಾರ, ಆಸ್ಪತ್ರೆಯ ಪ್ರಯಾಣ, ಅಲ್ಲಿ ರೋಗಿಯನ್ನು ಒಪ್ಪಿಸುವುದು, ಕೊನೆಗೆ ವಾಹನವನ್ನು ತೊಳೆದು ಔಷಧ ಸಾಮಗ್ರಿಗಳನ್ನು ತುಂಬಿಕೊಂಡು ಮುಂದಿನ ಕರೆಗೆ ಸಿದ್ಧವಾಗುವುದು. ಪ್ರತಿಯೊಂದು ತುಂಡಿನಲ್ಲೂ ಎರಡು ಮೂರು ನಿಮಿಷ ಉಳಿಸಿದರೆ ಒಟ್ಟಿನಲ್ಲಿ ಕಾಲು ಗಂಟೆ ಉಳಿಯುತ್ತದೆ. ಎಷ್ಟೇ ಜೋರಾಗಿ ವಾಹನ ಓಡಿಸಿದರೂ ನಗರದೊಳಗೆ ಕಾಲು ಗಂಟೆ ಉಳಿಸುವುದು ಸಾಧ್ಯವಿಲ್ಲ.

ಆದ್ದರಿಂದ ನುರಿತ ಸಿಬ್ಬಂದಿಯ ಸಮಯಪಾಲನೆ ಕರೆ ಬರುವ ಮೊದಲೇ ಆರಂಭವಾಗುತ್ತದೆ. ಪಾಳಿ ಬದಲಾದೊಡನೆ ಅವರು ಮಾಡುವ ಮೊದಲ ಕೆಲಸ ತಪಾಸಣೆ. ಸ್ಟ್ರೆಚರಿನ ಗಾಲಿ, ಕಫ ತೆಗೆಯುವ ಯಂತ್ರ, ಹೃದಯಕ್ಕೆ ವಿದ್ಯುದಾಘಾತ ಕೊಡುವ ಯಂತ್ರದ ಬ್ಯಾಟರಿ, ರಕ್ತದೊತ್ತಡ ಅಳೆಯುವ ಪಟ್ಟಿ, ಟಾರ್ಚು, ಇಂಧನ ಎಲ್ಲವನ್ನೂ ಪಟ್ಟಿ ಹಿಡಿದು ನೋಡಬೇಕು. ಇವುಗಳಲ್ಲಿ ಆಮ್ಲಜನಕದ ಲೆಕ್ಕ ವಿಶೇಷವಾದದ್ದು. ಆಂಬುಲೆನ್ಸುಗಳಲ್ಲಿ ಸಾಮಾನ್ಯವಾಗಿ ಕಾಣುವ ‘ಬಿ’ ವರ್ಗದ ಸಿಲಿಂಡರು ಪೂರ್ತಿ ತುಂಬಿದ್ದಾಗ ಸುಮಾರು 1500 ಲೀಟರ್ ಆಮ್ಲಜನಕವನ್ನು ಹಿಡಿದಿರುತ್ತದೆ. ಉಸಿರಾಟ ಕಷ್ಟವಾಗಿರುವ ರೋಗಿಗೆ ನಿಮಿಷಕ್ಕೆ 10 ಲೀಟರಿನಂತೆ ಕೊಟ್ಟರೆ ಅದು 150 ನಿಮಿಷ, ಅಂದರೆ ಎರಡೂವರೆ ಗಂಟೆ ಬರುತ್ತದೆ. ಅರ್ಧ ಖಾಲಿಯಾದದ್ದು ಒಂದೂಕಾಲು ಗಂಟೆ ಮಾತ್ರ. ಬರ್ಧಮಾನದಿಂದಲೋ ಡೈಮಂಡ್ ಹಾರ್ಬರಿನಿಂದಲೋ ರೋಗಿಯನ್ನು ಕಲ್ಕತ್ತೆಗೆ ತರುವ ವಾಹನಕ್ಕೆ ಈ ವ್ಯತ್ಯಾಸವೇ ಸಾವು ಬದುಕಿನ ವ್ಯತ್ಯಾಸವಾಗಬಹುದು. ಸಿಲಿಂಡರಿನ ಮೀಟರಿನಲ್ಲಿ ಒತ್ತಡವನ್ನು ಓದುವವನು ವಾಸ್ತವವಾಗಿ ಗಡಿಯಾರವನ್ನೇ ಓದುತ್ತಿರುತ್ತಾನೆ.

ರೋಗಿಯ ಬಳಿ ಸೇರಿದ ಮೇಲೆ ಕೆಲಸದ ಹಂಚಿಕೆ ಮುಖ್ಯ. ಸುಸಜ್ಜಿತ ಆಂಬುಲೆನ್ಸಿನಲ್ಲಿ ಚಾಲಕನಲ್ಲದೆ ತರಬೇತಿ ಪಡೆದ ತುರ್ತು ಚಿಕಿತ್ಸಾ ಸಹಾಯಕನೊಬ್ಬನಿರುತ್ತಾನೆ. ಜನ ಆತನನ್ನು ಟೆಕ್ನೀಷಿಯನ್ ಎಂದು ಕರೆಯುತ್ತಾರೆ. ಸಹಾಯಕನು ರೋಗಿಯ ಉಸಿರು, ನಾಡಿ, ಪ್ರಜ್ಞೆಗಳನ್ನು ಪರೀಕ್ಷಿಸುತ್ತಿರುವಾಗ ಚಾಲಕನು ಸ್ಟ್ರೆಚರ್ ಇಳಿಸಿ, ಹೊರಹೋಗುವ ದಾರಿಯನ್ನು ನೋಡಿಕೊಂಡು, ವಾಹನದ ಮುಖವನ್ನು ಹಿಂದಿರುಗುವ ದಿಕ್ಕಿಗೆ ತಿರುಗಿಸಿ ನಿಲ್ಲಿಸಬೇಕು. ಇಬ್ಬರೂ ಒಂದೇ ಕೆಲಸದ ಮೇಲೆ ಬಿದ್ದರೆ ಎರಡೂ ಕೆಡುತ್ತವೆ. ಚಲಿಸುವ ವಾಹನದಲ್ಲಿ ಮಾಡಬಹುದಾದ ಕೆಲಸವನ್ನು ನಿಂತ ಜಾಗದಲ್ಲಿ ಮಾಡಬಾರದು ಎಂಬುದು ಅವರ ಮೊದಲ ಸೂತ್ರ. ಹೆಸರು, ವಯಸ್ಸು, ಹಳೆಯ ಕಾಯಿಲೆಗಳ ವಿವರವನ್ನು ದಾರಿಯಲ್ಲಿ ಬರೆದುಕೊಳ್ಳಬಹುದು. ಚಿಮ್ಮುತ್ತಿರುವ ರಕ್ತವನ್ನು ಮಾತ್ರ ಅಲ್ಲೇ ಒತ್ತಿ ನಿಲ್ಲಿಸಬೇಕು. ವೇಳೆಯನ್ನು ಬರೆದುಕೊಳ್ಳಲು ಕಾಗದ ಹುಡುಕುವಷ್ಟು ಬಿಡುವೂ ಇಲ್ಲದಿರುವುದರಿಂದ ಕೆಲವರು ತಮ್ಮ ಕೈಗವಸಿನ ಮೇಲೋ ತೊಡೆಗೆ ಅಂಟಿಸಿಕೊಂಡ ಪಟ್ಟಿಯ ಮೇಲೋ ಗೀಚಿಕೊಳ್ಳುತ್ತಾರೆ. ನೋಡುವವರಿಗೆ ಇದು ಅಶಿಸ್ತಿನಂತೆ ಕಂಡೀತು, ಆದರೆ ಅನುಭವ ಕಲಿಸಿದ ಶಿಸ್ತು ಅದು.

ನಿಮಿಷದ ಬೆಲೆ

ಎಲ್ಲ ಕಾಯಿಲೆಗಳಿಗೂ ನಿಮಿಷದ ಬೆಲೆ ಒಂದೇ ಅಲ್ಲ. ಹೃದಯದ ಬಡಿತವೇ ನಿಂತು ಕುಸಿದವನಿಗೆ ಎದೆಯನ್ನೊತ್ತುವ ಉಪಚಾರ ದೊರೆಯದಿದ್ದರೆ ಬದುಕುವ ಸಾಧ್ಯತೆ ನಿಮಿಷಕ್ಕೆ ಶೇಕಡ 7ರಿಂದ 10ರಷ್ಟು ಕುಗ್ಗುತ್ತಾ ಹೋಗುತ್ತದೆ. ಹತ್ತು ನಿಮಿಷ ಕಳೆದರೆ ಉಳಿಯುವುದು ಅತ್ಯಲ್ಪ. ಇಲ್ಲಿ ಆಂಬುಲೆನ್ಸ್ ಎಷ್ಟೇ ಬೇಗ ಬಂದರೂ ತಡವೇ. ಪಕ್ಕದಲ್ಲಿರುವವನ ಎರಡು ಕೈಗಳೇ ಮೊದಲ ಆಂಬುಲೆನ್ಸು. ರಕ್ತನಾಳ ಮುಚ್ಚಿಕೊಂಡು ಪಾರ್ಶ್ವವಾಯು ಬಡಿದಾಗ, ನಿಮಿಷವೊಂದಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು ವೈದ್ಯರು ಲೆಕ್ಕಹಾಕಿದ್ದಾರೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಲಕ್ಷಣಗಳು ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಡುವ ಮೊದಲು ತಲೆಯ ಸ್ಕ್ಯಾನ್ ಆಗಿರಬೇಕು. ಆದ್ದರಿಂದ ಇಂಥ ರೋಗಿಯ ವಿಷಯದಲ್ಲಿ ಸಹಾಯಕನು ಕೇಳುವ ಅತಿ ಮುಖ್ಯ ಪ್ರಶ್ನೆ ‘ಏನಾಯಿತು’ ಎಂಬುದಲ್ಲ, ‘ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ’ ಎಂಬುದು. ಮನೆಯವರಿಗೆ ಈ ಪ್ರಶ್ನೆ ವಿಚಿತ್ರವಾಗಿ ತೋರಿದರೂ ಉತ್ತರವನ್ನು ನಿಖರವಾಗಿ ಕೊಡತಕ್ಕದ್ದು.

ಅಪಘಾತದ ಗಾಯಾಳುಗಳ ವಿಷಯದಲ್ಲಿ ‘ಸುವರ್ಣ ಗಂಟೆ’ ಎಂಬ ಮಾತು ಪ್ರಚಾರದಲ್ಲಿದೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಆಘಾತ ಚಿಕಿತ್ಸೆಗೆಂದೇ ಕೇಂದ್ರವೊಂದನ್ನು ಕಟ್ಟಿದ ಶಸ್ತ್ರವೈದ್ಯ ಆರ್. ಆಡಮ್ಸ್ ಕೌಲಿಯವರಿಂದ ಇದು ಹಬ್ಬಿತು. ಸರಿಯಾಗಿ 60 ನಿಮಿಷ ಎಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲವೆಂದು ಅನಂತರದ ಸಂಶೋಧಕರು ತೋರಿಸಿದ್ದಾರೆ. 59ನೆಯ ನಿಮಿಷಕ್ಕೂ 61ನೆಯ ನಿಮಿಷಕ್ಕೂ ನಡುವೆ ಯಮಧರ್ಮನು ಗೆರೆ ಎಳೆದು ಕೂತಿಲ್ಲ. ಆದರೆ ಒಳಗೆ ರಕ್ತ ಸುರಿಯುತ್ತಿರುವವನಿಗೆ ಬೇಕಾದದ್ದು ಶಸ್ತ್ರಚಿಕಿತ್ಸಾ ಕೊಠಡಿ, ರಸ್ತೆಬದಿಯ ಉಪಚಾರವಲ್ಲ ಎಂಬ ಮೂಲ ತತ್ತ್ವ ಇಂದಿಗೂ ನಿಂತಿದೆ. ಅದಕ್ಕಾಗಿಯೇ ತೀವ್ರ ಗಾಯಾಳುವಿನ ಬಳಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದೆಂದು ಸಿಬ್ಬಂದಿಗೆ ಕಲಿಸಲಾಗುತ್ತದೆ. ನಮ್ಮ ದೇಶದ ಕಾನೂನೂ ಈ ಮಾತನ್ನು ಅಂಗೀಕರಿಸಿದೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ ‘ಸುವರ್ಣ ಗಂಟೆ’ಯ ವ್ಯಾಖ್ಯೆ ಸೇರಿತು; ಗಾಯಾಳುವಿಗೆ ನೆರವಾದವನನ್ನು ಕಿರುಕುಳದಿಂದ ರಕ್ಷಿಸುವ ವಿಧಿಯೂ ಬಂತು; ತುರ್ತು ವಾಹನಕ್ಕೆ ದಾರಿ ಬಿಡದವನಿಗೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಇಲ್ಲವೆ ಎರಡೂ ವಿಧಿಸಲ್ಪಟ್ಟವು. 2025ರ ಮೇ ತಿಂಗಳಲ್ಲಿ ಹೊರಬಿದ್ದ ಕೇಂದ್ರ ಯೋಜನೆಯಂತೆ, ರಸ್ತೆ ಅಪಘಾತಕ್ಕೆ ಸಿಕ್ಕಿದವರಿಗೆ ನಿಯೋಜಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದು ಕೊಡದೆ ಚಿಕಿತ್ಸೆ ದೊರೆಯಬೇಕು. ಹಣ ಹೊಂದಿಸುವುದರಲ್ಲಿ ಹಾಳಾಗುವ ಹೊತ್ತೂ ಹೊತ್ತೇ ಎಂಬುದನ್ನು ಸರ್ಕಾರ ಇಷ್ಟು ತಡವಾಗಿಯಾದರೂ ಮನಗಂಡಿತು.

ಕಲ್ಕತ್ತೆಯ ದಾರಿ

ಈ ನಗರದಲ್ಲಿ ಆಂಬುಲೆನ್ಸ್ ನಡೆಸುವವನಿಗೆ ದಾರಿಯಷ್ಟೇ ಅಲ್ಲ, ವೇಳೆಯೂ ಬಾಯಿಪಾಠವಾಗಿರಬೇಕು. ಕಲ್ಕತ್ತೆಯ ಎಷ್ಟೋ ರಸ್ತೆಗಳು ಬೆಳಗ್ಗೆ ಒಂದು ದಿಕ್ಕಿಗೂ ಮಧ್ಯಾಹ್ನದ ನಂತರ ಅದಕ್ಕೆ ಎದುರಾದ ದಿಕ್ಕಿಗೂ ಏಕಮುಖವಾಗಿ ಹರಿಯುತ್ತವೆ. ಕರ್ನಾಟಕದಿಂದ ಹೊಸದಾಗಿ ಬಂದವರಿಗೆ ಇದೊಂದು ಮಾಯಾಜಾಲವೆನಿಸುತ್ತದೆ. ತುರ್ತು ವಾಹನಕ್ಕೆ ವಿನಾಯಿತಿ ಇದ್ದರೇನು? ಮುಖಾಮುಖಿ ಬರುತ್ತಿರುವ ಬಸ್ಸು ಟ್ಯಾಕ್ಸಿಗಳ ಪ್ರವಾಹವನ್ನು ಕಾಯಿದೆಯ ಪುಸ್ತಕ ತೋರಿಸಿ ಸರಿಸಲಾಗುವುದಿಲ್ಲ. ಉತ್ತರ ಕಲ್ಕತ್ತೆಯ ಗಲ್ಲಿಗಳಲ್ಲಿ ವಾಹನ ಮನೆಯ ಬಾಗಿಲವರೆಗೆ ಹೋಗುವುದೇ ಅಪೂರ್ವ. ಅಲ್ಲಿ ಕೊನೆಯ ನೂರು ಗಜದ ಕಾಲ್ನಡಿಗೆ ಮತ್ತು ಮೂರು ಮಹಡಿಯ ಕಿರಿದಾದ ಮೆಟ್ಟಿಲು ಹಿಂದಿನ ಐದು ಕಿಲೋಮೀಟರಿಗಿಂತ ಹೆಚ್ಚು ಹೊತ್ತನ್ನು ನುಂಗಬಲ್ಲವು. ಸ್ಟ್ರೆಚರ್ ತಿರುಗದ ಕಡೆ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿಯೋ ಗಟ್ಟಿಯಾದ ಹೊದಿಕೆಯಲ್ಲಿ ಮಲಗಿಸಿಯೋ ಇಳಿಸಬೇಕಾಗುತ್ತದೆ. ಇಂಥಲ್ಲಿ ಪಾಡಾದ ಕ್ಲಬ್ಬಿನ ಹುಡುಗರು ಕೈಕೊಡುವುದನ್ನು ಮೆಚ್ಚಲೇಬೇಕು. ಕೇರಂ ಬೋರ್ಡಿನ ಸುತ್ತ ಹಗಲೆಲ್ಲ ಕೂರುವ ಹುಡುಗರೇ ಅರ್ಧರಾತ್ರಿಯಲ್ಲಿ ಅಪರಿಚಿತ ವೃದ್ಧೆಯನ್ನು ಹೊತ್ತು ತರುತ್ತಾರೆ; ಎಷ್ಟೋ ಕ್ಲಬ್ಬುಗಳು ಸ್ವಂತ ಆಂಬುಲೆನ್ಸನ್ನೂ ಇಟ್ಟುಕೊಂಡಿವೆ.

ಸೇತುವೆಗಳ ಕಥೆಯೇ ಬೇರೆ. 2018ರ ಸೆಪ್ಟೆಂಬರ್ 4ರಂದು ಮಾಝೇರ್‌ಹಾಟ್ ಸೇತುವೆ ಕುಸಿದಾಗ ಬೆಹಾಲಾ ಕಡೆಯಿಂದ ನಗರದ ಆಸ್ಪತ್ರೆಗಳಿಗೆ ಬರುವ ಮುಖ್ಯ ದಾರಿ ಕಡಿದುಹೋಯಿತು. ಹೊಸ ಸೇತುವೆ ತೆರೆದದ್ದು 2020ರ ಡಿಸೆಂಬರಿನಲ್ಲಿ. ಅದೇ 2020ರ ಆರಂಭದಲ್ಲಿ ಟಾಲಾ ಸೇತುವೆಯನ್ನು ಮುಚ್ಚಿ ಕೆಡವಲಾಯಿತು. ಅದು ಮತ್ತೆ ತೆರೆದದ್ದು 2022ರ ಸೆಪ್ಟೆಂಬರಿನಲ್ಲಿ. ಉತ್ತರದ ಉಪನಗರಗಳಿಂದ ಬಿ.ಟಿ. ರಸ್ತೆಯ ಮೂಲಕ ಶ್ಯಾಮಬಜಾರಿನತ್ತ ಬರುವ ವಾಹನಗಳು ಆ ಎರಡೂವರೆ ವರ್ಷ ಸುತ್ತುಬಳಸಿ ಬರಬೇಕಾಯಿತು. ಇನ್ನು ಮಳೆ. 2025ರ ಸೆಪ್ಟೆಂಬರ್ 23ರಂದು, ದುರ್ಗಾಪೂಜೆಯ ಹೊಸ್ತಿಲಲ್ಲಿ, ಒಂದು ದಿನದೊಳಗೆ 250 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು ನಗರವೇ ನೀರಿನಲ್ಲಿ ನಿಂತಿತು. ಇಂಥ ದಿನ ಚಾಲಕನ ಜಾಣ್ಮೆಯೆಂದರೆ ಯಾವ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ, ಯಾವುದರಲ್ಲಿ ಪಾದ ಮುಳುಗುವಷ್ಟು ಮಾತ್ರ ಎಂಬ ನೆನಪು. ಪೂಜೆಯ ರಾತ್ರಿಗಳಲ್ಲಿ ಜನಸಾಗರವೇ ರಸ್ತೆಯಾಗಿರುವುದರಿಂದ ಯಾವ ಪೆಂಡಾಲಿನ ಹಿಂದಿನ ಓಣಿ ತೆರೆದಿದೆ ಎಂಬುದನ್ನೂ ತಿಳಿದಿರಬೇಕು.

ಸೈರನ್ನಿನ ಉಪಯೋಗ ಜನ ತಿಳಿದಿರುವುದಕ್ಕಿಂತ ಕಡಿಮೆ. ಪಾಶ್ಚಾತ್ಯ ದೇಶಗಳಲ್ಲಿ ನಡೆದ ಹಲವು ಪರಿಶೀಲನೆಗಳಲ್ಲಿ, ನಗರದೊಳಗೆ ಸೈರನ್ ಹಾಕಿಕೊಂಡು ಓಡುವುದರಿಂದ ಉಳಿಯುವ ಕಾಲ ಸಾಮಾನ್ಯವಾಗಿ ಕೆಲವೇ ನಿಮಿಷಗಳೆಂದು ಕಂಡುಬಂದಿದೆ. ಅಪಘಾತದ ಭಯ ಮಾತ್ರ ಹೆಚ್ಚುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಆಂಬುಲೆನ್ಸ್ ಚಾಲಕನಿಗೂ ಸಲ್ಲುತ್ತದೆ. ತಿರುವಿನಲ್ಲಿ ವಾಹನ ಎಳೆದಾಡಿದರೆ ಹಿಂದೆ ಕುಳಿತ ಸಹಾಯಕನು ಸೂಜಿ ಹಾಕಲಾರ, ಎದೆ ಒತ್ತಲಾರ. ಮುಂದಿನ ಸೀಟಿನಲ್ಲಿ ಗಳಿಸಿದ ನಿಮಿಷವನ್ನು ಹಿಂದಿನ ಸೀಟಿನಲ್ಲಿ ಕಳೆದುಕೊಂಡಂತಾಗುತ್ತದೆ.

ಎರಡು ದೃಷ್ಟಾಂತಗಳು

ವಾಹನಕ್ಕೂ ಆಸ್ಪತ್ರೆಗೂ ನಡುವೆ ಕೊಂಡಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೇ ನಗರದ ಪ್ರಕರಣವೊಂದು ದೇಶದ ನ್ಯಾಯಚರಿತ್ರೆಯಲ್ಲಿ ಸೇರಿಹೋಗಿದೆ. 1992ರ ಜುಲೈ 8ರ ಸಂಜೆ ದಕ್ಷಿಣ 24 ಪರಗಣ ಜಿಲ್ಲೆಯ ಮಥುರಾಪುರ ನಿಲ್ದಾಣದಲ್ಲಿ ಕೃಷಿ ಕಾರ್ಮಿಕನೊಬ್ಬ ರೈಲಿನಿಂದ ಬಿದ್ದ. ತಲೆಗೆ ಬಲವಾದ ಪೆಟ್ಟು, ಮಿದುಳಿನಲ್ಲಿ ರಕ್ತಸ್ರಾವ. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸೌಕರ್ಯವಿರಲಿಲ್ಲ. ನಡುರಾತ್ರಿಯ ಹೊತ್ತಿಗೆ ಆತನನ್ನು ಕಲ್ಕತ್ತೆಗೆ ತರಲಾಯಿತು. ಮೊದಲ ದೊಡ್ಡ ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷಿಸಿ, ಕೂಡಲೇ ಸೇರಿಸಿಕೊಳ್ಳಬೇಕೆಂದು ಬರೆದರು. ಆದರೆ ಹಾಸಿಗೆ ಖಾಲಿ ಇರಲಿಲ್ಲ. ಅಲ್ಲಿಂದ ಇನ್ನೊಂದು, ಅಲ್ಲಿಂದ ಮತ್ತೊಂದು. ಒಂದರಲ್ಲಿ ಹಾಸಿಗೆ ಇಲ್ಲ, ಇನ್ನೊಂದರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯ ವಿಭಾಗವಿಲ್ಲ. ಹೀಗೆ ನಗರದ ಸರ್ಕಾರಿ ಆಸ್ಪತ್ರೆಗಳನ್ನೆಲ್ಲ ಸುತ್ತಿದ ಮೇಲೆ ಕೊನೆಗೆ ಖಾಸಗಿ ಆಸ್ಪತ್ರೆಯೊಂದರಲ್ಲಿ ಸುಮಾರು 17,000 ರೂಪಾಯಿ ಖರ್ಚಿನಲ್ಲಿ ಚಿಕಿತ್ಸೆಯಾಯಿತು. ಆತನಿಗಿದ್ದ ಸಂಘಟನೆ, ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ, ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು. 1996ರ ಮೇ 6ರಂದು ಬಂದ ತೀರ್ಪು, ಸಕಾಲದಲ್ಲಿ ತುರ್ತು ಚಿಕಿತ್ಸೆ ದೊರೆಯದಿರುವುದು ಸಂವಿಧಾನದ 21ನೆಯ ವಿಧಿ ಕೊಟ್ಟ ಜೀವದ ಹಕ್ಕಿನ ಉಲ್ಲಂಘನೆಯೆಂದು ಸಾರಿ, ಆತನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು.

ಪರಿಹಾರದ ಮೊತ್ತಕ್ಕಿಂತ ತೀರ್ಪಿನ ಸೂಚನೆಗಳು ಇಲ್ಲಿ ಮುಖ್ಯ. ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಇದೆಯೆಂದು ಮೊದಲೇ ತಿಳಿದು ರೋಗಿಯನ್ನು ನೇರವಾಗಿ ಅಲ್ಲಿಗೆ ಕಳುಹಿಸುವಂಥ ಕೇಂದ್ರೀಯ ಸಂಪರ್ಕ ವ್ಯವಸ್ಥೆ ಇರಬೇಕು. ಆಂಬುಲೆನ್ಸಿನಲ್ಲಿ ಸಲಕರಣೆಗಳೂ ವೈದ್ಯಕೀಯ ಸಿಬ್ಬಂದಿಯೂ ಇರಬೇಕು ಎಂದು ನ್ಯಾಯಾಲಯ ಹೇಳಿತು. ಆ ರಾತ್ರಿ ಚಕ್ರಗಳೇನೋ ಉರುಳುತ್ತಲೇ ಇದ್ದವು. ಎಲ್ಲಿಗೆ ಉರುಳಬೇಕೆಂದು ಹೇಳುವವರು ಇರಲಿಲ್ಲ. ಇಂದು ಆಂಬುಲೆನ್ಸ್ ಸಿಬ್ಬಂದಿ ದಾರಿಯಲ್ಲಿರುವಾಗಲೇ ಆಸ್ಪತ್ರೆಗೆ ಕರೆ ಮಾಡಿ, ಇಷ್ಟು ನಿಮಿಷದಲ್ಲಿ ಇಂಥ ರೋಗಿಯನ್ನು ತರುತ್ತಿದ್ದೇವೆಂದು ತಿಳಿಸುವ ಪದ್ಧತಿಯ ಮಹತ್ವ ಈ ಪ್ರಕರಣದಿಂದ ಸ್ಪಷ್ಟವಾಗುತ್ತದೆ. ಕರೆಗೆ ತಗಲುವುದು ಅರ್ಧ ನಿಮಿಷ, ಉಳಿಯುವುದು ಗಂಟೆಗಳು.

ಎರಡನೆಯ ದೃಷ್ಟಾಂತ ಇದಕ್ಕೆ ತದ್ವಿರುದ್ಧ, ಕನ್ನಡಿಗರ ಮನಸ್ಸಿಗೆ ಹತ್ತಿರವಾದದ್ದು ಕೂಡ. 2018ರ ಮೇ 21ರಂದು ಕಲ್ಕತ್ತೆಯ ಆನಂದಪುರದ ಫೋರ್ಟಿಸ್ ಆಸ್ಪತ್ರೆಯಲ್ಲಿ ಜಾರ್ಖಂಡಿನ ರೋಗಿಯೊಬ್ಬನಿಗೆ ಬೇರೊಬ್ಬರ ಹೃದಯವನ್ನು ಜೋಡಿಸಲಾಯಿತು. ಪೂರ್ವ ಭಾರತದ ಮೊದಲ ಹೃದಯ ಕಸಿಯೆಂದು ಅದು ಹೆಸರಾಯಿತು. ಆ ಹೃದಯ ಬಂದದ್ದು ಬೆಂಗಳೂರಿನಿಂದ. ಅಪಘಾತದಲ್ಲಿ ಮಿದುಳು ನಿಷ್ಕ್ರಿಯವಾಗಿದ್ದ ತರುಣನೊಬ್ಬನ ಕುಟುಂಬದವರು ಮಾಡಿದ ದಾನ. ದೇಹದಿಂದ ಹೊರತೆಗೆದು ಮಂಜಿನ ಪೆಟ್ಟಿಗೆಯಲ್ಲಿಟ್ಟ ಹೃದಯವನ್ನು ಸುಮಾರು ನಾಲ್ಕು ಗಂಟೆಯೊಳಗೆ ಮತ್ತೆ ಮಿಡಿಯುವಂತೆ ಮಾಡಬೇಕೆಂಬುದು ವೈದ್ಯಶಾಸ್ತ್ರದ ಸಾಮಾನ್ಯ ಮಿತಿ. ಬೆಂಗಳೂರಿನಿಂದ ಕಲ್ಕತ್ತೆಗೆ ವಿಮಾನದ ಹಾರಾಟವೇ ಎರಡೂವರೆ ಗಂಟೆಯಷ್ಟು. ಉಳಿದ ಒಂದೂವರೆ ಗಂಟೆಯಲ್ಲಿ ಬೆಂಗಳೂರಿನ ಆಸ್ಪತ್ರೆಯಿಂದ ವಿಮಾನ ನಿಲ್ದಾಣ, ಅಲ್ಲಿಯ ಏರುವಿಕೆ, ಇಲ್ಲಿಯ ಇಳಿಯುವಿಕೆ, ದಮ್‌ದಮ್‌ನಿಂದ ಆನಂದಪುರ, ಕೊನೆಗೆ ರಕ್ತನಾಳಗಳ ಹೊಲಿಗೆ ಎಲ್ಲವೂ ಅಡಗಬೇಕು. ಬೆಂಗಳೂರಿನ ದೇವನಹಳ್ಳಿ ರಸ್ತೆಯನ್ನೂ ಕಲ್ಕತ್ತೆಯ ವಿ.ಐ.ಪಿ. ರಸ್ತೆ ಮತ್ತು ಬೈಪಾಸನ್ನೂ ಬಲ್ಲವರಿಗೆ ಈ ಲೆಕ್ಕ ಎಷ್ಟು ಬಿಗಿಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಇದು ಸಾಧ್ಯವಾದದ್ದು ‘ಹಸಿರು ದಾರಿ’ಯಿಂದ. ಪೊಲೀಸರು ಪ್ರತಿ ಅಡ್ಡರಸ್ತೆಯ ದೀಪವನ್ನೂ ಮುಂಚಿತವಾಗಿ ಹಿಡಿದು, ಆಂಬುಲೆನ್ಸಿಗೆ ಎಲ್ಲೂ ತಡೆ ಇಲ್ಲದಂತೆ ದಾರಿ ಬಿಡಿಸಿಕೊಡುವ ಏರ್ಪಾಡು ಅದು. ವೇಗ ಹೆಚ್ಚಿಸಿದ್ದಕ್ಕಿಂತ ನಿಲುಗಡೆಗಳನ್ನು ಅಳಿಸಿದ್ದೇ ಅದರ ಗುಟ್ಟು.

ಸಿಬ್ಬಂದಿಯ ಸ್ವಂತ ಹೊತ್ತು

ಇಷ್ಟೆಲ್ಲ ರೋಗಿಯ ಸಮಯದ ಮಾತಾಯಿತು. ಆ ಸಮಯವನ್ನು ಕಾಯುವವರ ಸ್ವಂತ ಸಮಯದ ಕಡೆಗೆ ಕಣ್ಣು ಹಾಯಿಸುವವರು ಕಡಿಮೆ. ದೇಶದ ಅನೇಕ ಆಂಬುಲೆನ್ಸ್ ಸೇವೆಗಳಲ್ಲಿ ಪಾಳಿ ಹನ್ನೆರಡು ಗಂಟೆಯದು. ಖಾಸಗಿ ಆಸ್ಪತ್ರೆಗಳ ಮುಂದೆ ಸಾಲಾಗಿ ನಿಲ್ಲುವ ವಾಹನಗಳ ಚಾಲಕರಲ್ಲಿ ಎಷ್ಟೋ ಮಂದಿಗೆ ಪಾಳಿಯೆಂಬುದೇ ಇಲ್ಲ. ವಾಹನವೇ ಮನೆ, ಹಿಂದಿನ ಬೆಂಚೇ ಹಾಸಿಗೆ. ನಿದ್ರೆಗೆಟ್ಟವನ ಚುರುಕು ಎಷ್ಟು ಕುಗ್ಗುತ್ತದೆ ಎಂಬುದನ್ನು 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಅಳೆದು ನೋಡಿದರು. ಎಡೆಬಿಡದೆ 17 ಗಂಟೆ ಎಚ್ಚರವಿದ್ದವನ ಕೈಗಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯವಿರುವವನ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ ವಾಹನ ಚಾಲಕನಿಗೆ ಕಾನೂನಿನ ಮಿತಿ ಶೇಕಡ 0.03. ಕುಡಿದ ಚಾಲಕನನ್ನು ಹಿಡಿಯಲು ಪೊಲೀಸರಿದ್ದಾರೆ. ನಿದ್ದೆಗೆಟ್ಟ ಚಾಲಕನನ್ನು ಅಳೆಯುವ ಯಂತ್ರ ಯಾರ ಬಳಿಯೂ ಇಲ್ಲ.

ಬೆಳಗಿನ ಜಾವ ಮೂರರಿಂದ ಐದರವರೆಗೆ ಮನುಷ್ಯನ ದೇಹ ಅತ್ಯಂತ ಮಂದವಾಗಿರುತ್ತದೆ. ಅನುಭವಿಗಳು ಆ ಹೊತ್ತನ್ನು ಹೀಗೆ ನಿಭಾಯಿಸುತ್ತಾರೆ: ರಾತ್ರಿಪಾಳಿಗೆ ಮೊದಲು ಮಧ್ಯಾಹ್ನ ಒಂದಿಷ್ಟು ಮಲಗುವುದು, ಕರೆಗಳ ನಡುವೆ ಇಪ್ಪತ್ತು ನಿಮಿಷದ ಕೋಳಿನಿದ್ದೆ, ಒಬ್ಬ ಮಲಗಿದಾಗ ಇನ್ನೊಬ್ಬ ಫೋನಿನ ಬಳಿ ಎಚ್ಚರವಿರುವುದು, ಮಣ್ಣಿನ ಭಾಂಡದ ಚಹವನ್ನು ಪಾಳಿಯ ಮೊದಲರ್ಧಕ್ಕೆ ಮುಗಿಸಿ ಮನೆಗೆ ಹೋದಾಗ ನಿದ್ದೆ ಬರುವಂತೆ ನೋಡಿಕೊಳ್ಳುವುದು. ಎಚ್ಚೆತ್ತ ಕೂಡಲೇ ಗಾಡಿ ಎತ್ತದೆ ಒಂದೆರಡು ನಿಮಿಷ ಮುಖ ತೊಳೆದು ನಿಲ್ಲುವುದನ್ನು ಕೆಲವರು ರೂಢಿಸಿಕೊಂಡಿದ್ದಾರೆ. ಆ ಎರಡು ನಿಮಿಷ ಪೋಲಾದದ್ದೆಂದು ಯಾರೂ ಭಾವಿಸಬಾರದು. ಊಟವೂ ಹಾಗೆಯೇ. ಕುಳಿತು ಉಣ್ಣುವ ಭಾಗ್ಯ ಬರುವುದೆಂದು ಕಾಯುವವನು ಹಸಿದೇ ಇರುತ್ತಾನೆ. ಆದ್ದರಿಂದ ಅರ್ಧಕ್ಕೆ ಬಿಟ್ಟು ಏಳಬಹುದಾದ ರೊಟ್ಟಿ, ಮೊಟ್ಟೆ, ಬಾಳೆಹಣ್ಣು, ಮುಡಿ ಅವರ ಆಹಾರ.

ಇದಕ್ಕೂ ಕಠಿಣವಾದದ್ದು ಮತ್ತೊಂದಿದೆ. ಮಗುವೊಂದು ಕೈಯಲ್ಲೇ ತೀರಿಕೊಂಡ ಕರೆಯಿಂದ ಹಿಂದಿರುಗಿದವನಿಗೆ ಹತ್ತು ನಿಮಿಷದಲ್ಲಿ ಮುಂದಿನ ಕರೆ ಬರಬಹುದು. ಹಿಂದಿನದನ್ನು ಮನಸ್ಸಿನಿಂದ ಇಳಿಸಲು ಯಾವ ವೇಳಾಪಟ್ಟಿಯೂ ಅವಕಾಶ ಕೊಡುವುದಿಲ್ಲ. ಒಳ್ಳೆಯ ಸಂಸ್ಥೆಗಳು ಇಂಥ ಕರೆಯ ನಂತರ ಸಿಬ್ಬಂದಿಯನ್ನು ಸ್ವಲ್ಪ ಹೊತ್ತು ಬಿಡುವಾಗಿರಿಸಿ ಮಾತನಾಡಿಸುತ್ತವೆ. ಹೆಚ್ಚಿನ ಕಡೆ ವಾಹನ ತೊಳೆಯುವುದೇ ಬಿಡುವು.

ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 108 ಸೇವೆ ಆರಂಭವಾಯಿತು. ಅದರ ಪ್ರತಿ ವಾಹನದಲ್ಲೂ ಚಾಲಕನೊಡನೆ ತರಬೇತಿ ಪಡೆದ ಸಹಾಯಕನಿರಬೇಕೆಂಬ ಕ್ರಮ ಬಂದದ್ದು ದೊಡ್ಡ ಹೆಜ್ಜೆ. 2015ರಲ್ಲಿ ಬೆಂಗಳೂರಿನ ವಾಹನದಟ್ಟಣೆಯನ್ನು ಸೀಳಿಕೊಂಡು ಹೋಗಲು ಬೈಕ್ ಆಂಬುಲೆನ್ಸುಗಳೂ ಬಂದವು. ರೋಗಿಯನ್ನು ಸಾಗಿಸಲು ಅಲ್ಲ, ಉಪಚಾರ ಬಲ್ಲವನನ್ನು ರೋಗಿಯ ಬಳಿಗೆ ಮೊದಲು ಮುಟ್ಟಿಸಲು. ಈ ವೃತ್ತಿಯವರಿಗೆ ಶಾಸನಬದ್ಧ ಮನ್ನಣೆ ದೊರೆತದ್ದು 2021ರ ಕೇಂದ್ರ ಕಾಯಿದೆಯಲ್ಲಿ. ವೈದ್ಯಕೀಯ ಸಹವೃತ್ತಿಗಳ ಪಟ್ಟಿಯಲ್ಲಿ ತುರ್ತು ಚಿಕಿತ್ಸಾ ತಂತ್ರಜ್ಞರೂ ಸೇರಿದರು. ಮನ್ನಣೆಗೆ ತಕ್ಕ ವೇತನ ಮತ್ತು ವಿಶ್ರಾಂತಿ ಇನ್ನೂ ಹಿಂದೆಯೇ ಉಳಿದಿವೆ.

ಮನೆಯವರ ಪಾಲು

ಎಲ್ಲಕ್ಕಿಂತ ದೀರ್ಘವಾದ ವಿಳಂಬ ಕರೆ ಮಾಡುವ ಮೊದಲೇ ಆಗುತ್ತದೆ. ಎದೆನೋವು ಬಂದಾಗ ಕನ್ನಡಿಗರು ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಜೀರಿಗೆ ಕಷಾಯ ಕುದಿಸುತ್ತಾರೆ. ಬಂಗಾಳಿಗಳು ‘ಅಂಬಲ್’ ಎಂದು ಸೋಡಾ ಕುಡಿಸುತ್ತಾರೆ. ಈ ಒಂದು ವಿಷಯದಲ್ಲಿ ಎರಡು ಸಂಸ್ಕೃತಿಗಳ ಸಾಮರಸ್ಯ ಆಶ್ಚರ್ಯಕರವಾದದ್ದು. ಹೃದಯಾಘಾತದಲ್ಲಿ ಆಸ್ಪತ್ರೆಯನ್ನು ಸೇರಿದ 90 ನಿಮಿಷದೊಳಗೆ ಮುಚ್ಚಿದ ರಕ್ತನಾಳವನ್ನು ತೆರೆಯಬೇಕೆಂದು ವೈದ್ಯರು ತಮಗೆ ತಾವೇ ಗಡುವು ಹಾಕಿಕೊಂಡಿರುವಾಗ, ಮನೆಯಲ್ಲಿ ಎರಡು ಗಂಟೆ ಕಷಾಯದಲ್ಲಿ ಕಳೆದರೆ ಆ ಗಡುವಿಗೆ ಅರ್ಥವಿಲ್ಲ.

ಪರಸ್ಥಳದಲ್ಲಿರುವ ಕುಟುಂಬಗಳಿಗೆ ಭಾಷೆಯ ತೊಡಕೂ ಇದೆ. ಮೈಸೂರಿನಿಂದಲೋ ಶಿವಮೊಗ್ಗೆಯಿಂದಲೋ ಮಗನ ಮನೆಗೆ ಬಂದಿರುವ ತಾಯಿ ‘ಜೀವ ಒಂಥರಾ ಆಗ್ತಿದೆ, ಎದೆ ಹಿಡ್ಕೊಂಡ ಹಾಗಿದೆ’ ಎಂದರೆ ಆಂಬುಲೆನ್ಸಿನ ಬಂಗಾಳಿ ಹುಡುಗನಿಗೆ ತಿಳಿಯುವುದೆಂತು? ಮಗ ಸೊಸೆ ಕಚೇರಿಗೆ ಹೋಗಿರುವಾಗಲೇ ಇಂಥದು ಸಂಭವಿಸುವುದು. ಆದ್ದರಿಂದ ಹಿರಿಯರ ಹೆಸರು, ವಯಸ್ಸು, ಕಾಯಿಲೆಗಳು, ನಿತ್ಯ ಸೇವಿಸುವ ಮಾತ್ರೆಗಳು, ಒಗ್ಗದ ಔಷಧ, ಮಕ್ಕಳ ಫೋನ್ ಸಂಖ್ಯೆ ಇಷ್ಟನ್ನು ಬಂಗಾಳಿ ಅಥವಾ ಇಂಗ್ಲಿಷಿನಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿಡುವುದು ಮೇಲು. ಎದೆನೋವಿಗೆ ‘ಬುಕೆ ಬ್ಯಥಾ’ ಎಂಬ ಎರಡು ಮಾತನ್ನು ಹಿರಿಯರಿಗೆ ಕಲಿಸಿಡಬಹುದು. ಉಸಿರಾಟದ ತೊಂದರೆಗೆ ‘ಶ್ವಾಸಕಷ್ಟ’ ಎಂದೇ ಹೇಳಿದರೂ ಸಾಕು. ಬಂಗಾಳಿಗಳು ಅದನ್ನೇ ತಮ್ಮ ಉಚ್ಚಾರದಲ್ಲಿ ‘ಶಾಶ್‌ಕಷ್ಟೊ’ ಎನ್ನುತ್ತಾರೆ.

ವಿಳಾಸವನ್ನೂ ಇಲ್ಲಿಯ ರೀತಿಯಲ್ಲೇ ಹೇಳಬೇಕು. ಕಲ್ಕತ್ತೆಯಲ್ಲಿ 12ನೆಯ ಸಂಖ್ಯೆಯ ಪಕ್ಕದಲ್ಲೇ 12/1 ಇರುತ್ತದೆಂಬ ಭರವಸೆ ಇಲ್ಲ. ಯಾವ ಮೋಡ್, ಯಾವ ಔಷಧದಂಗಡಿ, ಯಾವ ಕ್ಲಬ್ಬಿನ ಎದುರು ಎಂದರೆ ಚಾಲಕ ನೇರವಾಗಿ ಬರುತ್ತಾನೆ. ಕರೆ ಮಾಡಿದ ಮೇಲೆ ಫೋನನ್ನು ಬೇರೆ ಬಂಧುಗಳ ಜೊತೆ ಮಾತಿಗೆ ಬಳಸದೆ ತೆರವಾಗಿಡತಕ್ಕದ್ದು. ಒಬ್ಬರು ಗಲ್ಲಿಯ ಬಾಯಲ್ಲಿ ನಿಲ್ಲಬೇಕು. ಮೆಟ್ಟಿಲ ದೀಪ ಹಾಕಿ, ದಾರಿಗಡ್ಡವಾದ ಸೈಕಲ್, ಚಪ್ಪಲಿಗೂಡುಗಳನ್ನು ಸರಿಸಬೇಕು. ಲಿಫ್ಟ್ ಇದ್ದರೆ ಅದನ್ನು ಕೆಳಗೇ ಹಿಡಿದಿಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಲೇಬಾರದು. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಅಂಗೈಯಿಟ್ಟು ಎರಡಂಗುಲ ತಗ್ಗುವಂತೆ ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಿರಬೇಕು, ಆಂಬುಲೆನ್ಸಿನವರು ಬಂದು ಕೈಬದಲಿಸುವವರೆಗೆ.

ವಾಹನವನ್ನು ಗೊತ್ತುಮಾಡುವಾಗ ಕೇಳಬೇಕಾದ ಪ್ರಶ್ನೆಯೊಂದಿದೆ. ಭಾರತದ ನಿಯಮಗಳಂತೆ ಆಂಬುಲೆನ್ಸುಗಳಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗಗಳಿವೆ. ‘ಬಿ’ ಎಂದರೆ ಕೇವಲ ರೋಗಿಯನ್ನು ಸಾಗಿಸುವ ಗಾಡಿ, ‘ಸಿ’ಯಲ್ಲಿ ಮೂಲಭೂತ ಜೀವರಕ್ಷಕ ಸಾಧನಗಳಿರುತ್ತವೆ, ‘ಡಿ’ಯಲ್ಲಿ ಉಸಿರಾಟದ ಯಂತ್ರದಂಥ ಮೇಲ್ದರ್ಜೆಯ ಸಾಧನಗಳು. ಹೊರಗೆ ಬಳಿದ ಕೆಂಪು ಬಣ್ಣ ನೋಡಿ ಇದನ್ನು ತಿಳಿಯಲಾಗದು. ಜೊತೆಯಲ್ಲಿ ತರಬೇತಿ ಪಡೆದವರು ಇದ್ದಾರೆಯೇ, ಸಿಲಿಂಡರಿನಲ್ಲಿ ಎಷ್ಟು ಹೊತ್ತಿಗಾಗುವಷ್ಟು ಆಮ್ಲಜನಕವಿದೆ ಎಂದು ಫೋನಿನಲ್ಲೇ ಕೇಳಬೇಕು. ರೋಗಿಯೊಂದಿಗೆ ಒಬ್ಬರೇ ಹತ್ತಬೇಕು. ಉಳಿದವರು ಟ್ಯಾಕ್ಸಿಯಲ್ಲಿ ಹಿಂದೆ ಬರಲಿ. ನಾಲ್ಕು ಮಂದಿ ಬಂಧುಗಳು ಒಳಗೆ ಕೂತರೆ ಸಹಾಯಕನಿಗೆ ಮೊಣಕಾಲೂರಲೂ ಸ್ಥಳವಿರುವುದಿಲ್ಲ. ಆಸ್ಪತ್ರೆಯಲ್ಲಿ ಆತನು ವೈದ್ಯರಿಗೆ ಪೆಟ್ಟು ಹೇಗಾಯಿತು, ಏನೇನು ಗಾಯ, ನಾಡಿ ರಕ್ತದೊತ್ತಡ ಎಷ್ಟು, ಏನು ಉಪಚಾರವಾಗಿದೆ ಎಂದು ಒಂದು ನಿಮಿಷದಲ್ಲಿ ಒಪ್ಪಿಸುತ್ತಿರುವಾಗ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡು, ಬಿಟ್ಟುಹೋದದ್ದಿದ್ದರೆ ಕೊನೆಯಲ್ಲಿ ಸೇರಿಸುವುದು ಸರಿಯಾದ ಕ್ರಮ. ಸ್ಟ್ರೆಚರ್ ತೆರವಾದ ಕೂಡಲೇ ಅದನ್ನು ಅವರಿಗೆ ಹಿಂದಿರುಗಿಸಬೇಕು. ಅದು ಸಿಗುವವರೆಗೆ ಆ ಆಂಬುಲೆನ್ಸ್ ಮುಂದಿನ ರೋಗಿಯ ಬಳಿಗೆ ಹೊರಡಲಾರದು.